ಶೇಂಗಾ ಊರಲ್ಲಿ ಶೇಂಗಾ ಮುಟ್ಟಲಾಗದ ಹುಡುಗ

ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಂತ ಕೂಡಲೇ ಕಿಟಕಿ ಕೆಳಗೆ ಬರುವ ಮೊದಲ ಕೂಗು ಯಾವುದೆಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. "ಬಿಸಿಬಿಸಿ ಶೇಂಗಾ! ಹುರ್ದಿದ್ ಶೇಂಗಾ!" ಹಳೇ ಪೇಪರಿನ ಪೊಟ್ಟಣ ಒಳಗೆ ಬರುತ್ತೆ, ಚಿಲ್ಲರೆ ಹೊರಗೆ ಹೋಗುತ್ತೆ. ಬಸ್ಸು ದುರ್ಗ ಮುಟ್ಟುವ ಹೊತ್ತಿಗೆ ಕಾಲಡಿ ಸಿಪ್ಪೆಯ ರಾಶಿ. ಕಂಡಕ್ಟರ್ ಬೈಯುತ್ತಾನೆ, ಬೈದು ತಾನೂ ನಾಲ್ಕು ಕಾಳು ಇಸಿದುಕೊಳ್ಳುತ್ತಾನೆ.

ಹೋದ ವಾರ ಅಂಥದೇ ಒಂದು ಕೆಂಪು ಬಸ್ಸು. ಮೂರು ಜನರ ಸೀಟಿನಲ್ಲಿ ಒಬ್ಬ ಹೆಣ್ಣುಮಗಳು, ತೊಡೆ ಮೇಲೆ ನಾಲ್ಕು ವರ್ಷದ ಗಂಡು ಹುಡುಗ. ಆಕೆ ಕೂತವರೇ ಚೀಲದಿಂದ ಒದ್ದೆ ಬಟ್ಟೆ ತೆಗೆದು ಮುಂದಿನ ಸೀಟಿನ ಕಂಬಿ, ಕಿಟಕಿ, ಸೀಟಿನ ಅಂಚು ಎಲ್ಲ ತಿಕ್ಕಿ ತಿಕ್ಕಿ ಒರೆಸತೊಡಗಿದರು. ಪಕ್ಕದ ಯಜಮಾನರಿಗೆ ತಮಾಷೆ.

"ಏನವ್ವಾ, ಸರ್ಕಾರಿ ಬಸ್ಸು ತೊಳೆಯಾಕೆ ನಿಂಗೇನ್ ಸಂಬಳ ಕೊಡ್ತಾರಾ?"

"ಇಲ್ರೀ ಯಜಮಾನ್ರೇ. ಈ ಹುಡುಗಂಗೆ ಶೇಂಗಾ ಆಗಲ್ಲ. ತಿಂದ್ರೆ ಉಸ್ರು ಹಿಡ್ಕಂತೈತೆ. ಯಾರೋ ತಿಂದ ಕೈಲಿ ಮುಟ್ಟಿರ್ತಾರೆ, ಇವನು ಅದನ್ನ ಮುಟ್ಟಿ ಬಾಯಿಗೆ ಕೈ ಇಟ್ಕಂತಾನೆ."

ಯಜಮಾನರು ತಮ್ಮ ಕೈಯಲ್ಲಿದ್ದ ಪೊಟ್ಟಣ ನೋಡಿಕೊಂಡರು. ಹುಡುಗನನ್ನು ನೋಡಿದರು. ಹುಡುಗ ಗಟ್ಟಿಮುಟ್ಟಾಗಿ ಇದ್ದ, ಕೆನ್ನೆ ತುಂಬಿಕೊಂಡಿತ್ತು.

"ಶೇಂಗಾ ಆಗಲ್ವಾ? ಒಂದೆರಡು ಕಾಳಿಗೆ ಏನೂ ಆಗಲ್ಲ ಬುಡವ್ವಾ."

ಹಿಂದಿನ ಸೀಟಿನಲ್ಲಿ ಕೂತಿದ್ದ ನನಗೆ ಈ ವಾರದ ಅಂಕಣ ಸಿಕ್ಕಿದ್ದು ಆ ಮಾತಿನಿಂದ. ಏಕೆಂದರೆ ಆ ಮಾತನ್ನು ನಾನೂ ಹೇಳುತ್ತಿದ್ದೆ. ನೀವೂ ಹೇಳುತ್ತಿದ್ದಿರಿ. ಆ ಹುಡುಗನ ಸ್ವಂತ ಅಜ್ಜಿಯೇ ಹೇಳಿದ್ದರು, ಅದರ ಕಥೆ ಮುಂದಿದೆ.

ಚಳ್ಳಕೆರೆಗೆ ಎಣ್ಣೆ ನಗರಿ ಅಂತ ಹೆಸರು ಸುಮ್ಮನೆ ಬಂದದ್ದಲ್ಲ. ಒಂದು ಕಾಲಕ್ಕೆ ಇಲ್ಲಿ ಸಾಲು ಸಾಲು ಎಣ್ಣೆ ಮಿಲ್ಲು. ಹಳಬರು ಈಗಲೂ 'ಎರಡನೇ ಬಾಂಬೆ' ಎಂದು ಮೀಸೆ ತಿರುವುತ್ತಾರೆ. ಪರದೇಶದ ಪಾಮ್ ಎಣ್ಣೆ ಬಂತು, ಮಳೆ ಕೈಕೊಟ್ಟಿತು, ಎಷ್ಟೋ ಮಿಲ್ಲಿಗೆ ಬೀಗ ಬಿತ್ತು. ಆದರೂ ಮುಂಗಾರು ಬಂದರೆ ತಾಲ್ಲೂಕಿನ ಕೆಂಪು ಹೊಲಕ್ಕೆ ಶೇಂಗಾ ಬೀಜವೇ ಬೀಳಬೇಕು. ಇನ್ನು ಅಡಿಗೆ ಮನೆ? ಚಿತ್ರಾನ್ನಕ್ಕೆ ಶೇಂಗಾ, ಎಣ್ಣೆಗಾಯಿಗೆ ಶೇಂಗಾ ಪುಡಿ, ರೊಟ್ಟಿಗೆ ಶೇಂಗಾ ಚಟ್ನಿ, ಮಂಡಕ್ಕಿ ಜೊತೆ ಹುರಿದ ಶೇಂಗಾ, ಸಂಕ್ರಾಂತಿಗೆ ಎಳ್ಳು ಬೆಲ್ಲದಲ್ಲಿ ಶೇಂಗಾ, ನಾಗರಪಂಚಮಿಗೆ ಶೇಂಗಾ ಉಂಡೆ, ನೆಂಟರು ಬಂದರೆ ಶೇಂಗಾ ಹೋಳಿಗೆ. ಇಂಥ ಊರಲ್ಲಿ ಶೇಂಗಾ ಬಿಟ್ಟು ಬದುಕಪ್ಪಾ ಎನ್ನುವುದು ನೀರು ಬಿಟ್ಟು ಈಜು ಕಲಿ ಎಂದ ಹಾಗೆ.

ಇದರ ಮೇಲೆ ಹುಡುಗನ ಅಪ್ಪ ಏನು ಕೆಲಸ ಮಾಡುತ್ತಾರೆ ಗೊತ್ತೆ? ಶೇಂಗಾ ಮಂಡಿಯಲ್ಲಿ ಗುಮಾಸ್ತ! ಹೆಸರು ಬೇಡ ಅಂದಿದ್ದಾರೆ, ಬರೆಯುವುದಿಲ್ಲ. ದಿನಾ ಸಂಜೆ ಮನೆಗೆ ಬಂದವರು ಮುಂಬಾಗಿಲಿಂದ ಒಳಗೆ ಹೋಗುವುದಿಲ್ಲ. ಹಿತ್ತಲಿಗೆ ಸುತ್ತಿ ಹೋಗಿ, ಅಂಗಿ ಪ್ಯಾಂಟು ಬೇರೆ ಬಕೆಟ್ಟಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿದ ಮೇಲೆಯೇ ಮಗನನ್ನು ಎತ್ತಿಕೊಳ್ಳುವುದು. ಗೋಣಿಚೀಲದ ಧೂಳು, ಶೇಂಗಾ ಹೊಟ್ಟು ತಲೆಗೂದಲಲ್ಲೂ ಕೂತಿರುತ್ತೆ. "ಅಪ್ಪ ಬಂದ ಅಂತ ಓಡಿ ಬರ್ತಿತ್ತು ಸಾರ್. ನಿಲ್ಲು ನಿಲ್ಲು ಅಂತ ಕೂಗಬೇಕು. ಈಗ ಅದೇ ದೂರ ನಿಂತ್ಕಂಡು, ಸ್ನಾನ ಆಯ್ತಾ ಅಂತ ಕೇಳ್ತೈತೆ," ಎಂದರು.

ಶುರುವಾದದ್ದು ಹೀಗೆ. ಮಗುವಿಗೆ ವರ್ಷ ತುಂಬಿ ಎರಡು ತಿಂಗಳಾಗಿತ್ತು. ತಾಯಿ ಅನ್ನಕ್ಕೆ ತುಪ್ಪ, ಒಂದು ಚಿಟಿಕೆ ಶೇಂಗಾ ಪುಡಿ ಕಲಸಿ ಬಾಯಿಗಿಟ್ಟರು. ಸ್ವಲ್ಪ ಹೊತ್ತಿಗೆ ಬಾಯಿ ಸುತ್ತ ಕೆಂಪಾಯಿತು, ಹೊಟ್ಟೆ ಮೇಲೆ ಗಂದೆ ಎದ್ದವು. ಅಜ್ಜಿ ನೋಡಿದ್ದೇ, "ಪಿತ್ತದ ಗಂದೆ ಕಣೇ" ಎಂದು ಕರಿ ಕಂಬಳಿ ಹೊದಿಸಿ, ದೊಡ್ಡಪತ್ರೆ ರಸ ಹಚ್ಚಿದರು. ಗಂದೆ ಇಳಿದವು. ಕಂಬಳಿಗೆ ಕೀರ್ತಿ ಬಂತು. ಇನ್ನೊಂದು ಸಲ ಹೀಗೇ ಆದಾಗ ಕ್ಲಿನಿಕ್ಕಿಗೆ ಹೋದರು. ಅಲ್ಲಿ 'ಹೀಟು' ಎಂದರು, ಒಂದು ಸಿರಪ್ ಬರೆದರು. ಏನು ತಿನ್ನಿಸಿದ್ರಿ ಎಂದು ಒಬ್ಬರೂ ಕೇಳಲಿಲ್ಲ. ತಾಯಿಗೆ ಮಾತ್ರ ಅನುಮಾನ ಹತ್ತಿತ್ತು. ಎರಡು ಸಲವೂ ಶೇಂಗಾ ಇತ್ತಲ್ಲಾ! ಹೇಳಿದರೆ ಮನೆಯಲ್ಲಿ ನಗು. "ಶೇಂಗಾ ಬೆಳೆಯೋ ಮನೆ ಮಗೀಗೆ ಶೇಂಗಾ ಆಗಲ್ವಂತೆ! ಎಲ್ಲಾರ ಕೇಳಿದ್ದೀರಾ?" ಬಸಿರಿನಲ್ಲಿ ಸೊಸೆ ಬಹಳ ಶೇಂಗಾ ತಿಂದದ್ದೇ ಇದಕ್ಕೆ ಕಾರಣ ಎಂಬ ಮಾತೂ ಹುಟ್ಟಿತು. ಅದಂತೂ ಶುದ್ಧ ಸುಳ್ಳು ಆಪಾದನೆ. ಬಸುರಿ ಹೆಂಗಸರು ಶೇಂಗಾ ಬಿಡಬೇಕು ಎಂದು ವೈದ್ಯಶಾಸ್ತ್ರ ಹೇಳುವುದಿಲ್ಲ.

ಮಗುವಿಗೆ ಎರಡೂವರೆ ವರ್ಷವಾದಾಗ ಪಂಚಮಿ ಹಬ್ಬಕ್ಕೆ ಹಳ್ಳಿಗೆ ಹೋದರು. ಅಜ್ಜಿಗೆ ಮೊಮ್ಮಗನ ಮೇಲೆ ಪ್ರಾಣ. ಎಲ್ಲ ಮಕ್ಕಳೂ ಉಂಡೆ ತಿನ್ನುತ್ತಿವೆ, ಇದೊಂದು ನೋಡುತ್ತ ಕೂತಿದೆ. ಅಭ್ಯಾಸ ಮಾಡಿಸಿದರೆ ಹೋಗುತ್ತೆ ಎಂದು ಸೊಸೆ ನೀರಿಗೆ ಹೋದಾಗ ಉಗುರಿನಷ್ಟು, ಬರೀ ಉಗುರಿನಷ್ಟು, ಮುರಿದು ಬಾಯಿಗಿಟ್ಟರು.

ಹತ್ತು ನಿಮಿಷ. ತುಟಿ ಊದಿತು. ವಾಂತಿ. ಆಮೇಲೆ ಕೆಮ್ಮು ಶುರುವಾಯಿತು, ಬಿಡಲಿಲ್ಲ. ಅಳುವ ದನಿ ಗೊಗ್ಗರಾಯಿತು. ಉಸಿರೆಳೆದರೆ ಸುಯ್ ಸುಯ್ ಸದ್ದು. ಕೊನೆಗೆ ಅಳುವುದನ್ನೂ ನಿಲ್ಲಿಸಿ ಹೆಗಲ ಮೇಲೆ ವಾಲಿಕೊಂಡಿತು. ಅಪ್ಪ ಬೈಕು ಹತ್ತಿದರು, ತಾಯಿ ಮಗುವನ್ನು ಅಪ್ಪಿಕೊಂಡು ಹಿಂದೆ ಕೂತರು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಒಬ್ಬ ಡಾಕ್ಟರಮ್ಮ ಇದ್ದರು, ಅದು ಪುಣ್ಯ. ಆಕೆ ಚೀಟಿ ಬರೆಯುತ್ತ ಕೂರಲಿಲ್ಲ. ಮಗುವನ್ನು ನೋಡಿದರು, "ಏನು ತಿಂತು?" ಎಂದು ಒಂದೇ ಮಾತು ಕೇಳಿದರು, ಚಡ್ಡಿ ಸರಿಸಿ ತೊಡೆಗೆ ಒಂದು ಇಂಜೆಕ್ಷನ್ ಚುಚ್ಚಿದರು. ಐದು ನಿಮಿಷದಲ್ಲಿ ಮಗು ಅತ್ತಿತು. "ಅದು ಅತ್ತಾಗ ನಾನು ನಕ್ಕೆ ಸಾರ್. ಯಾರಾರ ನೋಡಿದ್ರೆ ಹುಚ್ಚಿ ಅಂತಿದ್ರು," ಎಂದರು ತಾಯಿ. ಅಜ್ಜಿ ಅವತ್ತಿನಿಂದ ತಮ್ಮ ಮನೆಯಲ್ಲಿ ಉಂಡೆ ಕಟ್ಟಿಲ್ಲ.

ಆ ಇಂಜೆಕ್ಷನ್ ಹೆಸರು ಅಡ್ರಿನಲಿನ್. ಅಂಗಡಿಯವರೂ ಬಸ್ಸಿನವರೂ ಈ ಹೆಸರು ನೆನಪಿಟ್ಟುಕೊಳ್ಳಿ. ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿ ಇರುವ, ಬಲು ಹಳೆಯ, ಬಲು ಅಗ್ಗದ ಔಷಧ. ಉಸಿರು ಹಿಡಿಯುವಂಥ ಅಲರ್ಜಿಗೆ ಮೊದಲ ಮದ್ದು ಅದೇ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗಿಸುವ ಅಲರ್ಜಿ ಮಾತ್ರೆ ಗಂದೆ ಇಳಿಸುತ್ತೆ, ನವೆ ಇಳಿಸುತ್ತೆ, ಆದರೆ ಕಟ್ಟಿದ ಉಸಿರು ಬಿಡಿಸುವುದಿಲ್ಲ. ಮಾತ್ರೆ ಕೊಟ್ಟು ಕಾಯುತ್ತ ಕೂತರೆ ಹೋಗುವುದು ಮಗುವಿನ ಕಾಲ. ಇಂಜೆಕ್ಷನ್ ಆದ ಮೇಲೂ ಮನೆಗೆ ಓಡಬಾರದು. ಕೆಲವರಿಗೆ ಎಲ್ಲ ಇಳಿದು, ಗಂಟೆಗಳ ಮೇಲೆ ಮತ್ತೆ ಏಳುತ್ತೆ. ಹಾಗಾಗಿ ಆಸ್ಪತ್ರೆಯಲ್ಲಿ ಇರಿಸಿಕೊಂಡು ನೋಡುತ್ತಾರೆ.

ಪರದೇಶದಲ್ಲಿ ಇದನ್ನು ಪೆನ್ನಿನ ಹಾಗೆ ಮಾಡಿ ಮಾರುತ್ತಾರೆ, ತೊಡೆಗೆ ಒತ್ತಿದರೆ ತಾನೇ ಚುಚ್ಚಿಕೊಳ್ಳುತ್ತೆ. ನಮ್ಮ ಕಡೆ ಅಂಗಡಿಗಳಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೂ ಗುಮಾಸ್ತನ ಸಂಬಳಕ್ಕೆ ಎಟುಕುವುದಿಲ್ಲ. ಅದಕ್ಕೇ ಡಾಕ್ಟರು ಈ ತಾಯಿಗೆ ಗಾಜಿನ ಆಂಪೂಲ್ ಒಡೆದು ಸಿರಿಂಜಿಗೆ ಎಳೆಯುವುದನ್ನು ಕಲಿಸಿದ್ದಾರೆ. ಎಷ್ಟು ಎಳೆಯಬೇಕೆಂದು ಮಗುವಿನ ತೂಕ ನೋಡಿ ಗೆರೆ ಹಾಕಿ ಕೊಟ್ಟಿದ್ದಾರೆ, ತೂಕ ಏರಿದ ಹಾಗೆ ಗೆರೆ ಬದಲು. ಹತ್ತನೇ ಕ್ಲಾಸು ಓದಿದ ಹೆಣ್ಣುಮಗಳು ನೀರು ತುಂಬಿಕೊಂಡು ಮೂಸಂಬಿ ಹಣ್ಣಿಗೆ ಚುಚ್ಚಿ ಚುಚ್ಚಿ ಕೈ ಪಳಗಿಸಿಕೊಂಡಿದ್ದಾರೆ! ಬೇಸಿಗೆಯಲ್ಲಿ ಬಿಸಿಲಿಗೆ ಔಷಧ ಕೆಡದಂತೆ, ಬೆಳಕು ಬೀಳದಂತೆ ಡಬ್ಬಿಯಲ್ಲಿಟ್ಟು, ಬಟ್ಟೆ ಸುತ್ತಿ ಒಯ್ಯುತ್ತಾರೆ. ಬಣ್ಣ ತಿರುಗಿದರೆ ಎಸೆದು ಹೊಸದು. ಚುಚ್ಚಿದ ಮೇಲೆ 108ಕ್ಕೆ ಫೋನು, ಮಗುವನ್ನು ಎತ್ತಿ ಕುಣಿಸದೆ ಅಂಗಾತ ಮಲಗಿಸಿ ಕಾಲು ಎತ್ತರಕ್ಕೆ ಇಡುವುದು, ಉಸಿರಿಗೆ ತೀರಾ ಕಷ್ಟವಾದರೆ ಒರಗಿಸಿ ಕೂರಿಸುವುದು. ಇದಿಷ್ಟು ಗೋಡೆ ಮೇಲೆ ಬರೆದು ಅಂಟಿಸಿದ್ದಾರೆ.

ಇನ್ನು, ಈ ಅಲರ್ಜಿ ಎಂದರೆ ಏನು ಸ್ವಾಮಿ? ಮೈಯೊಳಗೆ ರೋಗಾಣುಗಳನ್ನು ಹೊಡೆಯುವ ಒಂದು ಪಹರೆ ಇದೆ. ಈ ಮಕ್ಕಳಲ್ಲಿ ಆ ಪಹರೆಗೆ ಶೇಂಗಾದ ಪ್ರೋಟೀನೇ ಕಳ್ಳನ ಹಾಗೆ ಕಾಣುತ್ತೆ. ಒಂದು ಕಣ ಕಂಡರೂ ಇಡೀ ಠಾಣೆ ಲಾಠಿ ಹಿಡಿದು ಹೊರಡುತ್ತೆ, ಪೆಟ್ಟು ಬೀಳುವುದು ಮನೆಯವರಿಗೇ. ಫ್ರಾನ್ಸಿನ ಷಾರ್ಲ್ ರಿಷೆ ಎಂಬ ವಿಜ್ಞಾನಿ ಇಂಥ ಉಗ್ರ ಪ್ರತಿಕ್ರಿಯೆಯನ್ನು 1902ರಲ್ಲಿ ಗುರುತಿಸಿ, 1913ರಲ್ಲಿ ನೊಬೆಲ್ ತೆಗೆದುಕೊಂಡ. ಹೊಸ ಕಾಲದ ಶೋಕಿ ಕಾಯಿಲೆ ಎನ್ನುವವರು ಈ ಇಸವಿ ಗಮನಿಸಬೇಕು. ಹುರಿದ ಶೇಂಗಾದ ಪ್ರೋಟೀನು ಬೇಯಿಸಿದ್ದಕ್ಕಿಂತ ಹೆಚ್ಚು ಕೆಣಕುತ್ತೆ ಎಂದೂ ಕಂಡಿದ್ದಾರೆ. ಹಾಗಂತ ಬೇಯಿಸಿದ್ದು ತಿನ್ನಿಸಿ ನೋಡೋಣ ಎಂದು ಹೊರಡಬೇಡಿ. ಹಾಲು, ಮೊಟ್ಟೆ ಆಗದ ಮಕ್ಕಳಲ್ಲಿ ಹೆಚ್ಚಿನವು ಬೆಳೆಯುತ್ತ ಅದನ್ನು ದಾಟಿಕೊಳ್ಳುತ್ತವೆ. ಶೇಂಗಾ ಹಾಗಲ್ಲ, ಐದರಲ್ಲಿ ಒಂದು ಮಗುವಿಗೆ ಮಾತ್ರ ಬಿಡುಗಡೆ.

ನಮ್ಮಲ್ಲಿ ಇಂಥವರು ಅಪರೂಪ, ಅದೂ ನಿಜ. ಚೀನಾ, ರಷ್ಯಾದ ಶಾಲಾ ಮಕ್ಕಳ ಜೊತೆಗೆ ನಮ್ಮ ಬೆಂಗಳೂರು, ಮೈಸೂರು ಕಡೆಯ ಮಕ್ಕಳನ್ನೂ ಸೇರಿಸಿ ಮಾಡಿದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಎಲ್ಲಕ್ಕಿಂತ ಕಡಿಮೆ ಆಹಾರ ಅಲರ್ಜಿ ಕಂಡದ್ದು ನಮ್ಮ ಮಕ್ಕಳಲ್ಲಿ, ಸಾವಿರಕ್ಕೆ ಒಂದೋ ಎರಡೋ. ಸಂತೋಷದ ಸುದ್ದಿಯೇ. ಆದರೆ ಆ ಒಂದು ಮಗುವಿನ ತಾಯಿಗೆ ಇದರಿಂದಲೇ ಕಷ್ಟ. ಅಕ್ಕಪಕ್ಕ ಯಾರೂ ಇಂಥದ್ದು ಕಂಡಿರುವುದಿಲ್ಲ, ಆದ್ದರಿಂದ ಯಾರೂ ನಂಬುವುದಿಲ್ಲ. "ಮದುವೆ ಮನೇಲಿ ಊಟದ ಡಬ್ಬಿ ಮನೆಯಿಂದ ತಂದ್ರೆ, ಸೊಕ್ಕು ಅಂತಾರೆ. ನಮ್ ಅಡಿಗೆ ಇವರಿಗೆ ಆಗಲ್ವೇನೋ ಅಂತಾರೆ," ಎಂದರು ಆಕೆ.

ಅಜ್ಜಿಯ ವಿಷಯಕ್ಕೆ ಮತ್ತೆ ಬರೋಣ, ಅವರಿಗೆ ಅನ್ಯಾಯವಾಗಬಾರದು. ಅಭ್ಯಾಸ ಮಾಡಿಸಿದರೆ ಹೋಗುತ್ತೆ ಎಂಬ ಅವರ ಮಾತು ಅರ್ಧ ನಿಜ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2000ದಲ್ಲಿ, ಅಲರ್ಜಿಯ ಭಯವಿರುವ ಮನೆಯ ಮಕ್ಕಳಿಗೆ ಮೂರು ವರ್ಷದ ತನಕ ಶೇಂಗಾ ಕೊಡಬೇಡಿ ಎಂದು ಹೇಳಿತ್ತು. 2008ರಲ್ಲಿ ಆ ಮಾತನ್ನು ವಾಪಸು ತೆಗೆದುಕೊಂಡಿತು. ಅದೇ ವರ್ಷ ಲಂಡನ್ನಿನವರು ಒಂದು ವಿಚಿತ್ರ ಕಂಡರು. ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಶೇಂಗಾ ಅಲರ್ಜಿ ಇಸ್ರೇಲಿನ ಯಹೂದಿ ಮಕ್ಕಳಿಗಿಂತ ಹತ್ತು ಪಟ್ಟು. ಇಸ್ರೇಲಿನಲ್ಲಿ ಹಸುಗೂಸುಗಳಿಗೆ ಬಾಂಬಾ ಎಂಬ ಶೇಂಗಾ ತಿಂಡಿ ಕೊಡುವುದು ರೂಢಿ. ಆಮೇಲೆ ಅವರೇ 4ರಿಂದ 11 ತಿಂಗಳ 640 ಮಕ್ಕಳನ್ನು ಆರಿಸಿಕೊಂಡರು. ಎಲ್ಲವೂ ಜೋರು ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ ಮಕ್ಕಳು. ಅರ್ಧದಷ್ಟು ಮಕ್ಕಳಿಗೆ ಶೇಂಗಾ ಕೊಡುತ್ತ ಬಂದರು, ಉಳಿದವಕ್ಕೆ ಪೂರ್ತಿ ಬಂದ್. 2015ರಲ್ಲಿ ಫಲಿತಾಂಶ ಹೊರಬಿತ್ತು: ಐದು ವರ್ಷವಾಗುವ ಹೊತ್ತಿಗೆ ಬಂದ್ ಮಾಡಿದವರಲ್ಲಿ ನೂರಕ್ಕೆ 17 ಮಕ್ಕಳಿಗೆ ಶೇಂಗಾ ಅಲರ್ಜಿ, ತಿಂದವರಲ್ಲಿ ನೂರಕ್ಕೆ 3.

ಅಂದರೆ ಅಲರ್ಜಿ ಇನ್ನೂ ಹುಟ್ಟದ ಕೂಸಿಗೆ ಆರು ತಿಂಗಳ ಆಸುಪಾಸಿನಲ್ಲಿ ಶೇಂಗಾವನ್ನು ನುಣ್ಣಗೆ ಅರೆದು ಗಂಜಿಗೆ ಬೆರೆಸಿ ಕೊಡುವುದು ಒಳ್ಳೆಯದೇ. ಇಡೀ ಕಾಳು ಮಾತ್ರ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಇಸುಬು ಜೋರಾಗಿರುವ ಮಗುವಾದರೆ ಮೊದಲು ಡಾಕ್ಟರನ್ನು ಕೇಳಬೇಕು. ಆದರೆ ಅಲರ್ಜಿ ಒಮ್ಮೆ ಹುಟ್ಟಿದ ಮೇಲೆ ಮನೆಯಲ್ಲಿ 'ಅಭ್ಯಾಸ' ಮಾಡಿಸುವುದು ಬೆಂಕಿಗೆ ಎಣ್ಣೆ. ಅಜ್ಜಿ ಎರಡು ವರ್ಷ ತಡವಾಗಿ ಬಂದರು, ಅಷ್ಟೇ.

ಈಗ ಅಂಗಡಿಯವರ ವಿಷಯ. ನಮ್ಮ ಓದುಗರಲ್ಲಿ ಅವರೇ ಹೆಚ್ಚು, ಬೇಜಾರು ಮಾಡಿಕೊಳ್ಳಬಾರದು.

ಪೊಟ್ಟಣದ ತಿಂಡಿಯಲ್ಲಿ ಶೇಂಗಾ ಇದ್ದರೆ ಲೇಬಲ್ಲಿನಲ್ಲಿ ಪ್ರತ್ಯೇಕವಾಗಿ ಹೇಳಲೇಬೇಕು ಎಂದು ಎಫ್ಎಸ್ಎಸ್ಎಐನವರ 2020ರ ನಿಯಮ ಇದೆ. ಹಾಲು, ಮೊಟ್ಟೆ, ಮೀನು, ಸೋಯಾ, ಗೋಧಿ ಇತ್ಯಾದಿಗೂ ಹಾಗೇ. ಬಹಳ ಚೆನ್ನಾಯಿತು. ಆದರೆ ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ, ಇಲ್ಲವೇ ಹಿಂದಿಯಲ್ಲಿ! ಕನ್ನಡದಲ್ಲೂ ಹಾಕಬಹುದಂತೆ, ಹಾಕಲೇಬೇಕೆಂದಿಲ್ಲ. ಈ ತಾಯಿ ಓದಿದ್ದು ಕನ್ನಡ ಮೀಡಿಯಂ. ಆಕೆ 'ಪೀನಟ್' ಎಂಬ ಇಂಗ್ಲಿಷ್ ಪದದ ಆಕಾರವನ್ನು ಚಿತ್ರ ನೆನಪಿಡುವ ಹಾಗೆ ನೆನಪಿಟ್ಟುಕೊಂಡಿದ್ದರು. ಒಂದು ದಿನ ಬಿಸ್ಕತ್ತು ತಂದರು, ಪೀನಟ್ ಎಲ್ಲೂ ಇಲ್ಲ, ಧೈರ್ಯವಾಗಿ ಕೊಡಲು ಹೊರಟರು. ಪಕ್ಕದ ಮನೆಯ ಹೈಸ್ಕೂಲು ಹುಡುಗಿ ಕೈ ಹಿಡಿದು ನಿಲ್ಲಿಸಿತು. ಅದರಲ್ಲಿ 'ಗ್ರೌಂಡ್‌ನಟ್' ಎಂದು ಇತ್ತು. ಒಂದೇ ಕಾಳಿಗೆ ಎರಡು ಹೆಸರು ಎಂದು ಆಕೆಗೆ ಯಾರು ಹೇಳಬೇಕಿತ್ತು? ಈಗ ಎರಡೂ ಪದಗಳು ಕ್ಯಾಲೆಂಡರಿನ ಪಕ್ಕ ದಪ್ಪ ಅಕ್ಷರದಲ್ಲಿವೆ.

ಬಿಡಿ ತಿಂಡಿಗೆ ಲೇಬಲ್ಲೂ ಇಲ್ಲ. ನಿಪ್ಪಟ್ಟಿನಲ್ಲಿ ಶೇಂಗಾ ತರಿ ಇರುತ್ತೆ, ಕಣ್ಣಿಗೆ ಕಾಣುವುದಿಲ್ಲ. ಗೋಡಂಬಿ ಬರ್ಫಿಯಲ್ಲಿ ಎಷ್ಟು ಗೋಡಂಬಿ, ಎಷ್ಟು ಶೇಂಗಾ ಎಂಬುದು ಮಾಡಿದವರಿಗೂ ದೇವರಿಗೂ ಗೊತ್ತು. ಹೋಟೆಲ್ಲಿನ ತೆಂಗಿನಕಾಯಿ ಚಟ್ನಿ, ಕಾಯಿ ರೇಟು ಏರಿದ ದಿನ ಅರ್ಧ ಶೇಂಗಾ ಚಟ್ನಿ ಆಗಿರುತ್ತೆ. ಸಪ್ಲೈಯರ್ ಹುಡುಗನನ್ನು ಕೇಳಿದರೆ "ಬರೀ ಕಾಯಿ ಅಕ್ಕಾ" ಎನ್ನುತ್ತಾನೆ. ಮಿಕ್ಸ್ಚರಿನ ಡಬ್ಬಿಗೆ ಹಾಕಿದ ಸೌಟನ್ನೇ ಖಾರಾ ಬೂಂದಿಗೂ ಹಾಕುವುದು, ಮಸಾಲೆ ಶೇಂಗಾ ಕರಿದ ಬಾಣಲೆಗೇ ಬೋಂಡಾ ಬಿಡುವುದು ದಿನದ ಮಾತು. ಎಣ್ಣೆಯಲ್ಲೂ ಒಂದು ಸೂಕ್ಷ್ಮ ಇದೆ. ಚೆನ್ನಾಗಿ ರಿಫೈನ್ ಆದ ಶೇಂಗಾ ಎಣ್ಣೆಯಲ್ಲಿ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ, ಹೆಚ್ಚಿನವರಿಗೆ ತೊಂದರೆಯಿಲ್ಲ. ಈಗ ಎಲ್ಲರೂ ಮುಗಿಬಿದ್ದು ಕೊಳ್ಳುತ್ತಿರುವ ಗಾಣದ ಎಣ್ಣೆಯಲ್ಲಿ ಅದು ಉಳಿದಿರುತ್ತೆ. ನಮಗೆ ನಿಮಗೆ ಘಮಘಮ, ಈ ಹುಡುಗನಿಗೆ ಅಪಾಯ. ಅವರ ಮನೆಯಲ್ಲಿ ಸೂರ್ಯಕಾಂತಿ ಎಣ್ಣೆ. ದೀಪಾವಳಿಗೆ ಮಂಡಿ ಸಾಹುಕಾರರು ಕೊಡುವ ಶೇಂಗಾ ಎಣ್ಣೆ ಡಬ್ಬ ನೇರವಾಗಿ ತಮ್ಮನ ಮನೆಗೆ.

ಅಂಗಡಿಯವರು ತಿಂಡಿ ಮಾಡುವ ರೀತಿ ಬದಲಿಸಲಿ ಎಂದು ಆಕೆ ಕೇಳುತ್ತಿಲ್ಲ. "ಇದ್ರೆ ಐತೆ ಅನ್ಲಿ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ಲಿ. ವ್ಯಾಪಾರ ಆಗ್ಲಿ ಅಂತ ಇಲ್ಲ ಅನ್ನಬಾರದು. ಅಷ್ಟೇ ಸಾರ್." ಅವರ ಬೀದಿಯ ಕಿರಾಣಿ ಅಂಗಡಿಯವರು ಒಬ್ಬರಿದ್ದಾರೆ, ಹುಡುಗ ಬಂದರೆ ಕೈ ತೊಳೆದು, ಅವನಿಗೆಂದೇ ಇಟ್ಟ ಬೇರೆ ಡಬ್ಬಿಯಿಂದ ಪೆಪ್ಪರ್‌ಮಿಂಟ್ ಕೊಡುತ್ತಾರೆ. ಆ ಮನೆಯವರು ಈಗ ತಿಂಗಳ ಸಾಮಾನೆಲ್ಲ ಅಲ್ಲೇ ತರುವುದು.

ಅಂಗನವಾಡಿಯ ಟೀಚರಮ್ಮನೂ ಒಳ್ಳೆಯವರು. ಗರ್ಭಿಣಿಯರ ಊಟಕ್ಕೆಂದು 2017ರಲ್ಲಿ ಮಾತೃಪೂರ್ಣ ಯೋಜನೆ ಬಂದಾಗ ಅದರಲ್ಲಿ ಶೇಂಗಾ ಚಿಕ್ಕಿಯೂ ಇತ್ತು. ಶಾಲೆಗಳಲ್ಲಿ ಮೊಟ್ಟೆ ಬೇಡವೆಂದ ಮಕ್ಕಳಿಗೆ ಬಾಳೆಹಣ್ಣಿನ ಜೊತೆಗೆ ಕೆಲವು ಕಾಲ ಚಿಕ್ಕಿಯೂ ನಡೆಯಿತು. ಬಡ ಮಕ್ಕಳ ಮೈಗೆ ಹಿಡಿಯುವ ತಿಂಡಿ, ಅದನ್ನು ದೂರುವ ಹಾಗಿಲ್ಲ. ತಾಯಿ ಕೇಳಿದ್ದು ಮೂರೇ: ಮನೆಯ ಡಬ್ಬಿ ತಿನ್ನಲು ಬಿಡಿ, ಉಳಿದ ಮಕ್ಕಳಿಗೆ ತಿಂದ ಮೇಲೆ ಸೋಪಿನಲ್ಲಿ ಕೈ ತೊಳೆಸಿ, ತುಟಿ ಊದಿದರೆ ನನ್ನನ್ನು ಹುಡುಕುತ್ತ ಕೂರದೆ 108ಕ್ಕೆ ಹಚ್ಚಿ. ಮುಂದಿನ ವರ್ಷ ದೊಡ್ಡ ಶಾಲೆ. ಅಲ್ಲಿ ಯಾರಿಗೆ ಹೇಳುವುದು, ಆಂಪೂಲು ಯಾರ ಕೈಗೆ ಕೊಡುವುದು ಎಂಬುದು ಈಗಿನ ಚಿಂತೆ. ಅವತ್ತು ದುರ್ಗಕ್ಕೆ ಹೊರಟಿದ್ದು ಡಾಕ್ಟರ ಹತ್ತಿರ ಅದಕ್ಕೊಂದು ಕಾಗದ ಬರೆಸಿಕೊಂಡು ಬರಲು.

ಬಸ್ಸಿನ ಕಥೆ ಅರ್ಧಕ್ಕೆ ನಿಂತಿತ್ತಲ್ಲ. ಯಜಮಾನರು ಬುಡವ್ವಾ ಅಂದ ಮೇಲೆ ಆಕೆ ಜಗಳಕ್ಕೆ ಹೋಗಲಿಲ್ಲ. ಉಗುರಿನಷ್ಟು ಉಂಡೆಯ ಕಥೆ ಹೇಳಿದರು, ನಾನೂ ಕಿವಿಗೊಟ್ಟೆ. ವಾಸನೆಗೇನೂ ಆಗಲ್ಲ, ನೀವು ತಿನ್ನಿ, ಸಿಪ್ಪೆ ಮಾತ್ರ ಈ ಕಡೆ ಹಾಕಬೇಡಿ ಎಂದರು. ಯಜಮಾನರು ಮಾತಾಡಲಿಲ್ಲ. ಪೊಟ್ಟಣ ಮಡಿಸಿ ಜುಬ್ಬಾದ ಜೇಬಿಗಿಟ್ಟರು. ಬಾಟಲಿ ನೀರು ಸುರಿದು ಕಿಟಕಿಯಾಚೆ ಕೈ ತೊಳೆದುಕೊಂಡರು, ಟವೆಲಿಗೆ ಒರೆಸಿಕೊಂಡರು. ಆಮೇಲೆ ಹಿಂದಿನ ಸೀಟಿನ ಕಡೆ ತಿರುಗಿ, "ಏಯ್, ಇಲ್ಲೊಂದು ಮಗು ಐತೆ, ಸಿಪ್ಪೆ ಕೆಳಗೆ ಹಾಕ್ಬ್ಯಾಡ್ರಪ್ಪೋ" ಎಂದು ಗದರಿಸಿದರು.

ದುರ್ಗ ಹತ್ತಿರ ಬಂದಾಗ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಹುಡುಗನ ಮುಂದೆ ಹಿಡಿದರು. ಹುಡುಗ ಕೈ ಚಾಚಲಿಲ್ಲ. ಅಮ್ಮನ ಮುಖ ನೋಡಿ, ಯಜಮಾನರ ಮುಖ ನೋಡಿ, ಕೇಳಿಯೇಬಿಟ್ಟ:

"ತಾತಾ, ಇದ್ರಾಗೆ ಶೇಂಗಾ ಐತಾ?"